ಬಿಡದಿಯ ‘ಹೈರೈಡರ್’: ಎರಡು ಕಂಪನಿಗಳ ಒಂದು ಕಾರು, ಹೆದ್ದಾರಿಯಾಚೆಯ ನಾಲ್ಕು ತಾಲ್ಲೂಕು

ಶ್ರೀರಂಗಪಟ್ಟಣದಿಂದ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಸುಮಾರು 90 ಕಿ.ಮೀ. ಸಾಗಿದರೆ ಬಿಡದಿ. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆಯಲ್ಲಿ 2022ರ ಆಗಸ್ಟ್‌ನಲ್ಲಿ ಒಂದು ಹೊಸ ಕಾರಿನ ಉತ್ಪಾದನೆ ಆರಂಭವಾಯಿತು. ಕಾರು ಒಂದೇ, ಹೆಸರು ಎರಡು. ಟೊಯೊಟಾ ಮಳಿಗೆಯಲ್ಲಿ ಅದು ‘ಅರ್ಬನ್ ಕ್ರೂಸರ್ ಹೈರೈಡರ್’, ಮಾರುತಿ ಸುಜುಕಿಯ ನೆಕ್ಸಾ ಮಳಿಗೆಯಲ್ಲಿ ‘ಗ್ರ್ಯಾಂಡ್ ವಿಟಾರಾ’. ಮಾರುತಿ ಎಂದರೆ ಹರಿಯಾಣದ ಕಾರು ಎಂದೇ ತಿಳಿದಿದ್ದ ಕನ್ನಡಿಗರ ಪಾಲಿಗೆ ಮಾರುತಿ ಲಾಂಛನ ಹೊತ್ತ ಕಾರೊಂದು ಬಿಡದಿಯಲ್ಲಿ ತಯಾರಾದದ್ದು ಹೊಸ ಸಂಗತಿ.

ಕಾರು ಪ್ರಪಂಚದ ಪರಿಭಾಷೆಯಲ್ಲಿ ಇದು ‘ಕಾಂಪ್ಯಾಕ್ಟ್ ಕ್ರಾಸ್‌ಓವರ್ ಎಸ್‌ಯುವಿ’. ನೋಟಕ್ಕೆ ಜೀಪಿನ ಗಡಸುತನ, ಕೂರಲು ಎತ್ತರದ ಆಸನ. ಒಳಗಿನ ಚೌಕಟ್ಟು ಮಾತ್ರ ಸಾಮಾನ್ಯ ಕಾರಿನದು. ಹಳೆಯ ಕ್ವಾಲಿಸ್, ಸುಮೋ, ಬೊಲೆರೊಗಳಲ್ಲಿ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇದ್ದು, ಅದರ ಮೇಲೆ ಬಾಡಿ ಕೂರಿಸಲಾಗುತ್ತಿತ್ತು. ಕ್ರಾಸ್‌ಓವರ್‌ನಲ್ಲಿ ಚಾಸಿಸ್ ಮತ್ತು ಬಾಡಿ ಒಂದೇ ಕಟ್ಟಡ. ತೂಕ ಕಡಿಮೆ, ತಿರುವಿನಲ್ಲಿ ಹಿಡಿತ ಹೆಚ್ಚು, ಇಂಧನ ಮಿತವ್ಯಯ. ಕಬ್ಬಿನ ಗದ್ದೆಗೆ ಇಳಿಸಿ ಹೊರೆ ಹೇರುವ ಕೆಲಸಕ್ಕೆ ಮಾತ್ರ ಇದು ಹೇಳಿಸಿದ್ದಲ್ಲ.

ನಾಲ್ಕು ಮೀಟರಿನ ಗೆರೆ

ಭಾರತದಲ್ಲಿ ಕಾರಿನ ಗಾತ್ರವನ್ನು ನಿರ್ಧರಿಸುವುದು ಎಂಜಿನಿಯರ್ ಮಾತ್ರವಲ್ಲ, ತೆರಿಗೆ ಇಲಾಖೆಯೂ ಹೌದು. 2006ರ ಕೇಂದ್ರ ಬಜೆಟ್‌ನಲ್ಲಿ, ನಾಲ್ಕು ಮೀಟರ್ ಮೀರದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಒಳಗಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಲಾಯಿತು. ಅಳತೆಪಟ್ಟಿ ಮುಂದಿಟ್ಟುಕೊಂಡು ಕಾರಿನ ಹಿಂಭಾಗ ಕತ್ತರಿಸುವ ಪರಿಪಾಠ ಬೆಳೆದದ್ದು ಆನಂತರವೇ. 2016ರ ಮಾರ್ಚ್‌ನಲ್ಲಿ ಬಂದ ಮಾರುತಿಯ ವಿಟಾರಾ ಬ್ರೆಝಾ ಈ ಗೆರೆಯ ಒಳಗಿನ ಎಸ್‌ಯುವಿ.

ಗೆರೆಯ ಆಚೆ ಇನ್ನೊಂದು ಮಾರುಕಟ್ಟೆ ಬೆಳೆಯಿತು. 2012ರಲ್ಲಿ ರೆನೊ ಡಸ್ಟರ್ ದಾರಿ ತೋರಿತು. 2015ರ ಜುಲೈನಲ್ಲಿ ಬಂದ ಹ್ಯುಂಡೈ ಕ್ರೆಟಾ ಅದನ್ನು ರಾಜಮಾರ್ಗವಾಗಿಸಿತು. 2019ರಲ್ಲಿ ಕಿಯಾ ಸೆಲ್ಟೋಸ್ ಪಾಲು ಕೇಳಿತು. ದೇಶದ ಅತಿ ದೊಡ್ಡ ಕಾರು ತಯಾರಕ ಮಾರುತಿ ಇಲ್ಲಿ ಹಿಂದುಳಿದಿತ್ತು. ಅದರ ಎಸ್-ಕ್ರಾಸ್ ಕಾರಿಗೆ ಕ್ರೆಟಾದ ಎದುರು ನಿಲ್ಲಲಾಗಲಿಲ್ಲ. ಸಾಲದೆಂಬಂತೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಎಂಜಿನ್‌ಗಳನ್ನೇ ಕೈಬಿಟ್ಟಿತು. ದೊಡ್ಡ ಕಾರು ಬೇಕು, ಡೀಸೆಲ್ ಇಲ್ಲ, ಮೈಲೇಜ್ ಬಿಡುವಂತಿಲ್ಲ ಎಂಬ ಇಕ್ಕಟ್ಟು ಅದರದು.

ಟೊಯೊಟಾದ ಇಕ್ಕಟ್ಟು ಬೇರೆ ಬಗೆಯದು.

ಖಾಲಿ ಬಿದ್ದ ಕಾರ್ಖಾನೆ

1997ರಲ್ಲಿ ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹ ಸೇರಿ ಸ್ಥಾಪಿಸಿದ ಕಂಪನಿ, ಬಿಡದಿಯ 432 ಎಕರೆ ಜಾಗದಲ್ಲಿ 1999ರ ಕೊನೆಗೆ ಉತ್ಪಾದನೆ ಆರಂಭಿಸಿತು. ಮೊದಲ ವಾಹನ ಕ್ವಾಲಿಸ್. ಮದುವೆ ದಿಬ್ಬಣದಿಂದ ಧರ್ಮಸ್ಥಳ ಯಾತ್ರೆಯವರೆಗೆ ಹಳೆ ಮೈಸೂರು ಸೀಮೆಯ ಬಾಡಿಗೆ ಗಾಡಿಗಳಲ್ಲಿ ಅದು ಹೆಸರು ಮಾಡಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಸಣ್ಣ ಕಾರಿನ ಆಸೆಯಿಂದ 2010ರಲ್ಲಿ ಎರಡನೇ ಘಟಕದಲ್ಲಿ ಎಟಿಯೋಸ್ ಆರಂಭಿಸಲಾಯಿತು. ಆದರೆ ಜನ ಟೊಯೊಟಾದಿಂದ ಕೊಂಡದ್ದು ಇನ್ನೋವಾ, ಫಾರ್ಚ್ಯೂನರ್‌ಗಳನ್ನೇ. ಎಟಿಯೋಸ್, ಲಿವಾ, ಕೊರೊಲಾ 2020ರಲ್ಲಿ ನಿಂತವು, ಯಾರಿಸ್ 2021ರಲ್ಲಿ.

2020ರ ಸೆಪ್ಟೆಂಬರ್‌ನಲ್ಲಿ ಕಂಪನಿಯ ಉಪಾಧ್ಯಕ್ಷ ಶೇಖರ್ ವಿಶ್ವನಾಥನ್, ಕಾರುಗಳ ಮೇಲಿನ ತೆರಿಗೆ ಇಷ್ಟಿರುವಾಗ ಭಾರತದಲ್ಲಿ ವಿಸ್ತರಣೆ ಸಾಧ್ಯವಿಲ್ಲ ಎಂಬರ್ಥದ ಮಾತನ್ನಾಡಿದ್ದು ದೊಡ್ಡ ಸುದ್ದಿಯಾಯಿತು. ಎರಡನೇ ಘಟಕದ ಸಾಮರ್ಥ್ಯದಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಬಳಕೆಯಾಗುತ್ತಿದೆ ಎಂಬುದೂ ಆಗ ಹೊರಬಿತ್ತು. ಬೆನ್ನಲ್ಲೇ ವಿಕ್ರಮ್ ಕಿರ್ಲೋಸ್ಕರ್ ಅವರು, ವಿದ್ಯುತ್ ತಂತ್ರಜ್ಞಾನಕ್ಕಾಗಿ 2,000 ಕೋಟಿ ರೂ. ಮೀರಿದ ಹೂಡಿಕೆಯಾಗಲಿದೆ ಎಂದು ಸಮಾಧಾನ ಹೇಳಬೇಕಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಕಾರ್ಮಿಕ ಸಂಘದ ಸದಸ್ಯರೊಬ್ಬರ ಅಮಾನತಿನಿಂದ ಹೊತ್ತಿಕೊಂಡ ವಿವಾದ ಮುಷ್ಕರಕ್ಕೂ ಬೀಗಮುದ್ರೆಗೂ ತಿರುಗಿತು. ಕೆಲಸದ ಹೊರೆ ಹೆಚ್ಚಿದೆ ಎಂಬುದು ಕಾರ್ಮಿಕರ ದೂರು, ಶಿಸ್ತು ಮುಖ್ಯ ಎಂಬುದು ಆಡಳಿತದ ವಾದ. ಸರಕಾರ ಮಧ್ಯಪ್ರವೇಶಿಸಿದರೂ ಬಿಕ್ಕಟ್ಟು 2021ರ ಆರಂಭದ ತಿಂಗಳುಗಳವರೆಗೆ ಎಳೆಯಿತು. ಹೊಸ ಕಾರಿಗೆ ಕಾರ್ಖಾನೆ ಸಜ್ಜಾಗಬೇಕಿದ್ದುದು ಇಂಥ ಹೊತ್ತಿನಲ್ಲಿ.

ಒಪ್ಪಂದದಿಂದ ಕಾರಿನವರೆಗೆ

ಟೊಯೊಟಾ ಮತ್ತು ಸುಜುಕಿ ಸಹಯೋಗದ ಮೊದಲ ತಿಳಿವಳಿಕೆ ಪತ್ರ 2017ರ ಫೆಬ್ರುವರಿಯದು. 2018ರ ಮಾರ್ಚ್‌ನಲ್ಲಿ ಕಾರುಗಳ ಪರಸ್ಪರ ಸರಬರಾಜಿಗೆ ಒಪ್ಪಿಗೆಯಾಯಿತು. ಮಾರುತಿಯ ಬಲೆನೊ 2019ರಲ್ಲಿ ಟೊಯೊಟಾ ಗ್ಲಾನ್ಜಾ ಎನಿಸಿಕೊಂಡಿತು. ವಿಟಾರಾ ಬ್ರೆಝಾ 2020ರ ಸೆಪ್ಟೆಂಬರ್‌ನಲ್ಲಿ ‘ಅರ್ಬನ್ ಕ್ರೂಸರ್’ ಎನಿಸಿಕೊಂಡಿತು. ಲಾಂಛನ ಬದಲಿಸಿದ ಮಾತ್ರಕ್ಕೆ ಕಾರು ಬದಲಾಗುವುದೇ ಎಂದು ವಿಮರ್ಶಕರು ಮೂದಲಿಸಿದರು. ಗ್ರಾಹಕರಿಗೆ ಅದರಿಂದ ಅಷ್ಟೇನೂ ತೊಂದರೆ ಆದಂತಿಲ್ಲ. ಗ್ಲಾನ್ಜಾ ಚೆನ್ನಾಗಿಯೇ ಮಾರಾಟವಾಯಿತು.

2019ರ ಮಾರ್ಚ್‌ನ ಒಪ್ಪಂದ ಹೆಚ್ಚು ಮುಖ್ಯವಾದುದು. ಅದರಂತೆ 2022ರಿಂದ ವಿಟಾರಾ ಬ್ರೆಝಾವನ್ನು ಬಿಡದಿಯಲ್ಲಿ ತಯಾರಿಸಬೇಕಿತ್ತು ಮತ್ತು ಟೊಯೊಟಾ ತನ್ನ ಹೈಬ್ರಿಡ್ ತಂತ್ರಜ್ಞಾನವನ್ನು ಸುಜುಕಿಗೆ ಒದಗಿಸಬೇಕಿತ್ತು. ಮೊದಲಿನ ಮಾತು ಅಕ್ಷರಶಃ ನಡೆಯಲಿಲ್ಲ. ಬ್ರೆಝಾ ಮಾರುತಿಯ ಕಾರ್ಖಾನೆಗಳಲ್ಲೇ ಉಳಿಯಿತು, ಬಿಡದಿಗೆ ಅದಕ್ಕಿಂತ ದೊಡ್ಡ ಹೊಸ ಕಾರು ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಟೊಯೊಟಾ, ಸುಜುಕಿಯ ಶೇ 4.94ರಷ್ಟು ಷೇರು ಕೊಳ್ಳಲು ಒಪ್ಪಿ ನಂಟನ್ನು ಗಟ್ಟಿ ಮಾಡಿತು.

ಶ್ರಮ ಹೀಗೆ ಹಂಚಿಕೆಯಾಯಿತು: ಕಾರಿನ ವಿನ್ಯಾಸ, ಚೌಕಟ್ಟು ಮತ್ತು ‘ಮೈಲ್ಡ್ ಹೈಬ್ರಿಡ್’ ಎಂಜಿನ್ ಸುಜುಕಿಯದು, ‘ಸ್ಟ್ರಾಂಗ್ ಹೈಬ್ರಿಡ್’ ವ್ಯವಸ್ಥೆ ಹಾಗೂ ಉತ್ಪಾದನೆ ಟೊಯೊಟಾದ್ದು. 2022ರ ಮೇ ತಿಂಗಳಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, ಟೊಯೊಟಾ ಸಮೂಹ ರಾಜ್ಯ ಸರಕಾರದೊಂದಿಗೆ 4,100 ಕೋಟಿ ರೂ. ಹೂಡಿಕೆಯ ಒಪ್ಪಂದಕ್ಕೆ ಸಹಿ ಹಾಕಿತು. ವಿದ್ಯುತ್ ವಾಹನಗಳ ಬಿಡಿಭಾಗಗಳ ತಯಾರಿಕೆಯೂ ಅದರ ಉದ್ದೇಶವಾಗಿತ್ತು. ಜುಲೈ 1ರಂದು ಹೈರೈಡರ್, ಜುಲೈ 20ರಂದು ಗ್ರ್ಯಾಂಡ್ ವಿಟಾರಾ ಅನಾವರಣಗೊಂಡವು.

ಎರಡು ಬಗೆಯ ಹೈಬ್ರಿಡ್

ಗ್ರಾಹಕರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿಯೇ, ಆದ್ದರಿಂದ ತುಸು ವಿವರ ಅಗತ್ಯ. ಮೈಲ್ಡ್ ಹೈಬ್ರಿಡ್‌ನಲ್ಲಿರುವುದು 1.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಎಂಜಿನ್ ಚಾಲೂ ಮಾಡುವ ಸಣ್ಣ ಮೋಟಾರೇ ವೇಗ ಹೆಚ್ಚಿಸುವಾಗ ಒಂದಿಷ್ಟು ಕೈಜೋಡಿಸುತ್ತದೆ, ಅಷ್ಟೆ. ವಿದ್ಯುತ್ತಿನಿಂದಲೇ ಕಾರು ಓಡುವುದಿಲ್ಲ.

ಸ್ಟ್ರಾಂಗ್ ಹೈಬ್ರಿಡ್ ನಿಜವಾದ ಜೋಡಿ ಎತ್ತಿನ ಬಂಡಿ. 92 ಅಶ್ವಶಕ್ತಿಯ, 1.5 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಒಂದೆಡೆ, 80 ಅಶ್ವಶಕ್ತಿಯ ವಿದ್ಯುತ್ ಮೋಟಾರ್ ಇನ್ನೊಂದೆಡೆ. ಎರಡೂ ಕೂಡಿ ಗರಿಷ್ಠ 116 ಅಶ್ವಶಕ್ತಿ. ನಿಧಾನಗತಿಯಲ್ಲಿ ಮೋಟಾರ್ ಒಂದೇ ಕಾರನ್ನು ಎಳೆಯುತ್ತದೆ, ಎಂಜಿನ್ ಸುಮ್ಮನಿರುತ್ತದೆ. ಬ್ರೇಕ್ ಒತ್ತಿದಾಗ ಮೋಟಾರ್ ಡೈನಮೋ ಆಗಿ ತಿರುಗಿ, ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಪ್ರಶ್ನೆಯೇ ಇಲ್ಲ. ಬ್ಯಾಟರಿ ತೀರಾ ಚಿಕ್ಕದು, 0.76 ಕಿಲೋವ್ಯಾಟ್ ಗಂಟೆಯದು. ಚಿಕ್ಕದಾದರೂ ಅದು ಡಿಕ್ಕಿಯ ನೆಲದಡಿ ಕುಳಿತು ಲಗೇಜಿನ ಜಾಗ ಕಬಳಿಸುತ್ತದೆ. ಅಕ್ಕಿ ಮೂಟೆ, ತೆಂಗಿನಕಾಯಿ ಸಮೇತ ಊರಿನಿಂದ ನಗರಕ್ಕೆ ಮರಳುವ ಕುಟುಂಬಗಳು ಇದನ್ನು ಮಳಿಗೆಯಲ್ಲೇ ಡಿಕ್ಕಿ ತೆರೆದು ನೋಡುವುದು ಒಳಿತು. ಬ್ಯಾಟರಿಗೆ ಕಂಪನಿ ಕೊಟ್ಟ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ.

ಪರೀಕ್ಷಾಲಯದ ಮೈಲೇಜ್ ಲೀಟರಿಗೆ 27.97 ಕಿ.ಮೀ. ಎಂದು ಪ್ರಕಟವಾದಾಗ ಮಾರುಕಟ್ಟೆ ಬೆರಗಾಯಿತು. ಆ ಗಾತ್ರದ ಪೆಟ್ರೋಲ್ ಕಾರಿನಲ್ಲಿ ಅಂಥ ಅಂಕಿಯನ್ನು ಯಾರೂ ಕಂಡಿರಲಿಲ್ಲ. ಮೈಲ್ಡ್ ಹೈಬ್ರಿಡ್ ಆಟೊಮ್ಯಾಟಿಕ್‌ಗೆ ಹೇಳಲಾದ ಅಂಕಿ 20.58.

ಲೆಕ್ಕ ಹಾಕಿ ನೋಡಿದರೆ

ಸೆಪ್ಟೆಂಬರ್ 9ರಂದು ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳಿಗೆ 15.11 ಲಕ್ಷದಿಂದ 18.99 ಲಕ್ಷ ರೂ. ಷೋರೂಂ ಬೆಲೆ ನಿಗದಿಯಾಯಿತು. ತಿಂಗಳ ಕೊನೆಗೆ ಪ್ರಕಟವಾದ ಉಳಿದ ಮಾದರಿಗಳ ಆರಂಭಿಕ ಬೆಲೆ 10.48 ಲಕ್ಷ. ಸೆಪ್ಟೆಂಬರ್ 26ರಂದು ಬಂದ ಗ್ರ್ಯಾಂಡ್ ವಿಟಾರಾದ ಬೆಲೆ 10.45 ಲಕ್ಷದಿಂದ 19.65 ಲಕ್ಷ ರೂ. ಒಂದೇ ದರ್ಜೆಯ ಆಟೊಮ್ಯಾಟಿಕ್ ಮೈಲ್ಡ್ ಹೈಬ್ರಿಡ್‌ಗೂ ಸ್ಟ್ರಾಂಗ್ ಹೈಬ್ರಿಡ್‌ಗೂ ಸುಮಾರು 2 ಲಕ್ಷ ರೂ. ಅಂತರ.

ವರ್ಷಕ್ಕೆ 15,000 ಕಿ.ಮೀ. ಓಡಾಟ, ಪೆಟ್ರೋಲ್ ಲೀಟರಿಗೆ 100 ರೂ. ಎಂದು ಹಿಡಿಯೋಣ. ಪ್ರಕಟಿತ ಮೈಲೇಜ್ ಪ್ರಕಾರ ಒಂದಕ್ಕೆ 536 ಲೀಟರ್, ಇನ್ನೊಂದಕ್ಕೆ 729 ಲೀಟರ್ ಬೇಕು. ಉಳಿತಾಯ ವರ್ಷಕ್ಕೆ 19,300 ರೂ. ಎಂದರೆ ಹೆಚ್ಚುವರಿ 2 ಲಕ್ಷ ಮರಳಿ ಬರಲು ಹತ್ತು ವರ್ಷ ದಾಟುತ್ತದೆ! ಆದರೆ ಪರೀಕ್ಷಾಲಯದ ಅಂಕಿ ರಸ್ತೆಯ ಅಂಕಿಯಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ದಟ್ಟಣೆಯಲ್ಲಿ ಸಾಮಾನ್ಯ ಪೆಟ್ರೋಲ್ ಕಾರು 12ಕ್ಕೆ ಇಳಿದು, ಹೈಬ್ರಿಡ್ 20ರಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಂಡರೆ ಉಳಿತಾಯ ವರ್ಷಕ್ಕೆ 50,000 ರೂ.; ನಾಲ್ಕೇ ವರ್ಷದಲ್ಲಿ ಲೆಕ್ಕ ಚುಕ್ತಾ. ಹೀಗಾಗಿ ಯಾವುದು ಲಾಭ ಎಂಬ ಪ್ರಶ್ನೆಗೆ ಉತ್ತರ ಕಾರಿನಲ್ಲಿಲ್ಲ, ಓಡಿಸುವ ರಸ್ತೆಯಲ್ಲಿದೆ.

ಇದಕ್ಕೆ ತೆರಿಗೆಯನ್ನೂ ಕೂಡಿಸಬೇಕು. 2017ರ ಜಿಎಸ್‌ಟಿಯಲ್ಲಿ ಈ ಗಾತ್ರದ ಹೈಬ್ರಿಡ್‌ಗೆ ಸೆಸ್ ಸೇರಿ ಶೇ 43 ಇತ್ತು, ವಿದ್ಯುತ್ ಕಾರಿಗೆ 2019ರಿಂದ ಕೇವಲ ಶೇ 5. ಅದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ. ಹೈರೈಡರ್ ಬಂದಾಗ ಕರ್ನಾಟಕದಲ್ಲಿ 10ರಿಂದ 20 ಲಕ್ಷ ರೂ. ಬೆಲೆಯ ಕಾರಿಗೆ ಶೇ 17 ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಸೆಸ್ ಇತ್ತು. 15.11 ಲಕ್ಷದ ಕಾರಿಗೆ ಇದೊಂದೇ ಬಾಬ್ತು 2.85 ಲಕ್ಷ ರೂ. ಹೈಬ್ರಿಡ್‌ಗೆ ಕೊಟ್ಟ ಹೆಚ್ಚುವರಿ 2 ಲಕ್ಷದ ಮೇಲೂ ಸುಮಾರು 37,700 ರೂ. ತೆರಿಗೆ ಬೀಳುತ್ತಿತ್ತು. ಇಂಧನ ಉಳಿಸುವ ಯಂತ್ರಕ್ಕೇ ದಂಡ ಎಂದರೆ ತಪ್ಪಾಗದು. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆಯನ್ನು ಪೂರ್ತಿ ಮನ್ನಾ ಮಾಡಿತು. ಬಿಡದಿಯಲ್ಲಿ ತಯಾರಾದ ಕಾರಿಗೆ ಲಖನೌದಲ್ಲಿ ವಿನಾಯಿತಿ ಸಿಕ್ಕಿದಾಗ ಮಂಡ್ಯದಲ್ಲಿ ಸಿಗಲಿಲ್ಲ ಎಂಬುದು ವಿಪರ್ಯಾಸ.

ಕರ್ನಾಟಕದ ಒಲವು ಪೂರ್ಣ ವಿದ್ಯುತ್ ವಾಹನಗಳ ಕಡೆಗಿತ್ತು. 2016ರಲ್ಲಿ ಅವುಗಳಿಗೆ ರಸ್ತೆ ತೆರಿಗೆ ವಿನಾಯಿತಿ ಕೊಟ್ಟ ಸರಕಾರ, 2024ರಲ್ಲಿ 25 ಲಕ್ಷ ಮೀರಿದವುಗಳಿಗೆ ಮಾತ್ರ ಶೇ 10 ತೆರಿಗೆ ಹಾಕಿತು. ಹೈಬ್ರಿಡ್‌ಗೆ ರಿಯಾಯಿತಿ ಕೊಟ್ಟರೆ ವಿದ್ಯುತ್ ಕಾರಿನಲ್ಲಿ ಹಣ ಹೂಡಿದ ಕಂಪನಿಗಳಿಗೆ ಹೊಡೆತ ಎಂಬ ಎದುರುವಾದವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಸೆಸ್ ರದ್ದಾಗಿ, ದೊಡ್ಡ ಕಾರುಗಳೆಲ್ಲ ಶೇ 40ರ ಹಂತಕ್ಕೆ ಬಂದವು. ಶೇ 45 ಇದ್ದ ಮೈಲ್ಡ್ ಹೈಬ್ರಿಡ್‌ಗೆ ಇದರಿಂದ ಹೆಚ್ಚು ಲಾಭ, ಶೇ 43 ಇದ್ದ ಸ್ಟ್ರಾಂಗ್ ಹೈಬ್ರಿಡ್‌ಗೆ ಕಡಿಮೆ. ಸಣ್ಣ ಕಾರುಗಳು ಶೇ 18ಕ್ಕೆ ಇಳಿದದ್ದರಿಂದ ನಾಲ್ಕು ಮೀಟರಿನ ಗೆರೆ ಮತ್ತಷ್ಟು ಆಳವಾಯಿತು.

ಮಾರುಕಟ್ಟೆಯ ತೀರ್ಪು

ಗ್ರ್ಯಾಂಡ್ ವಿಟಾರಾಕ್ಕೆ ಬೆಲೆ ಪ್ರಕಟವಾಗುವ ಮೊದಲೇ 50,000 ಮೀರಿದ ಬುಕಿಂಗ್ ಬಂದಿತ್ತು. ಸ್ಟ್ರಾಂಗ್ ಹೈಬ್ರಿಡ್‌ಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಒಂದು ವರ್ಷದಲ್ಲಿ 1 ಲಕ್ಷ, 22 ತಿಂಗಳಲ್ಲಿ 2 ಲಕ್ಷ, 32 ತಿಂಗಳಲ್ಲಿ 3 ಲಕ್ಷ ಎಂದು ಮಾರುತಿ ಲೆಕ್ಕ ಕೊಟ್ಟಿತು. ಹೈರೈಡರ್ 1 ಲಕ್ಷದ ಗಡಿ ದಾಟಿದ್ದು 2024ರಲ್ಲಿ. ಒಂದೇ ಕಾರ್ಖಾನೆಯ ಅವಳಿಗಳಲ್ಲಿ ಈ ಅಂತರಕ್ಕೆ ಮಾರಾಟ ಜಾಲದ ವ್ಯಾಪ್ತಿಯೇ ಮುಖ್ಯ ಕಾರಣವೆನ್ನಬಹುದು. ಆದರೂ ಕ್ರೆಟಾದ ಪಟ್ಟವನ್ನು ಇವೆರಡೂ ಕಸಿಯಲಿಲ್ಲ. ಡೀಸೆಲ್ ಬೇಕೆನ್ನುವವರು, ಟರ್ಬೊ ಎಂಜಿನ್ನಿನ ಜಿಗಿತ ಬಯಸುವವರು ಅತ್ತಲೇ ಉಳಿದರು. ವೇಗ ಹೆಚ್ಚಿಸಿದಾಗ ಮೂರು ಸಿಲಿಂಡರ್ ಎಂಜಿನ್ನಿನ ಸದ್ದು ಒಳಗೆ ಕೇಳಿಸುತ್ತದೆ ಎಂಬುದು ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಬಂದ ಆಕ್ಷೇಪ.

ಕಾರು ಹಿಂಪಡೆತಗಳೂ ನಡೆದವು. 2023ರ ಜನವರಿಯಲ್ಲಿ ಹಿಂಬದಿ ಸೀಟ್‌ಬೆಲ್ಟ್ ಜೋಡಣೆಯ ದೋಷದ ಶಂಕೆಯಿಂದ 11,177 ಗ್ರ್ಯಾಂಡ್ ವಿಟಾರಾ, 4,026 ಹೈರೈಡರ್ ಕಾರುಗಳನ್ನು ತಪಾಸಣೆಗೆ ಕರೆಯಲಾಯಿತು. 2025ರ ನವೆಂಬರ್‌ನಲ್ಲಿ ಇಂಧನ ಮಾಪಕದ ದೋಷಕ್ಕಾಗಿ 39,506 ಗ್ರ್ಯಾಂಡ್ ವಿಟಾರಾಗಳ ಸರದಿ. ಹಳೆಯ ಕಾರು ಕೊಳ್ಳುವವರು ಈ ದುರಸ್ತಿ ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಆರು ಏರ್‌ಬ್ಯಾಗ್‌ಗಳು ಎಲ್ಲ ಮಾದರಿಗಳಿಗೂ ದೊರೆತದ್ದು 2025ರಲ್ಲಿ. ಬಹಳ ಮೊದಲೇ ಕೊಡಬಹುದಿತ್ತು.

ಕಾರ್ಖಾನೆಗಂತೂ ಜೀವ ಬಂತು. 2023ರ ಮೇ ತಿಂಗಳಲ್ಲಿ ಮೂರನೇ ಪಾಳಿ ಆರಂಭವಾಯಿತು. ಟೊಯೊಟಾ ಕಿರ್ಲೋಸ್ಕರ್ ಮಾರಾಟ 2022ರಲ್ಲಿ 1.60 ಲಕ್ಷ, 2023ರಲ್ಲಿ 2.33 ಲಕ್ಷ, 2024ರಲ್ಲಿ ರಫ್ತೂ ಸೇರಿ 3.26 ಲಕ್ಷ. ಮಾರುತಿಯಿಂದ ಬಂದ ಕಾರುಗಳೂ ಇದರಲ್ಲಿವೆ, ಆದ್ದರಿಂದ ಎಲ್ಲವೂ ಬಿಡದಿಯ ದುಡಿಮೆಯಲ್ಲ. ದಕ್ಷಿಣ ಆಫ್ರಿಕಕ್ಕೆ ‘ಅರ್ಬನ್ ಕ್ರೂಸರ್’ ಹೆಸರಿನಲ್ಲಿ ಹೋದದ್ದು ಇದೇ ಹೈರೈಡರ್. ಈ ಏರುಗತಿಯನ್ನು ವಿಕ್ರಮ್ ಕಿರ್ಲೋಸ್ಕರ್ ನೋಡಲಿಲ್ಲ. ಹೈರೈಡರ್ ಬಿಡುಗಡೆಯ ಎರಡು ತಿಂಗಳಲ್ಲಿ, 2022ರ ನವೆಂಬರ್ 29ರಂದು ಅವರು ನಿಧನರಾದರು.

ಹೆದ್ದಾರಿಯಾಚೆ

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟಿಸಿದ ಮೇಲೆ ಶ್ರೀರಂಗಪಟ್ಟಣದಿಂದ ರಾಜಧಾನಿಗೆ ಹೋಗಿಬರುವುದು ಒಪ್ಪೊತ್ತಿನ ಕೆಲಸವಾಯಿತು. ಕಾರಿನ ಆಸೆ ಹುಟ್ಟಿಸುವ ರಸ್ತೆ ಅದು. ಆದರೆ ಸ್ಟ್ರಾಂಗ್ ಹೈಬ್ರಿಡ್‌ನ ಲಾಭ ಅತಿ ಕಡಿಮೆ ಸಿಗುವುದೂ ಇಂಥ ರಸ್ತೆಯಲ್ಲೇ. ಗಂಟೆಗೆ 100 ಕಿ.ಮೀ. ಸಮವೇಗದಲ್ಲಿ ಬ್ರೇಕಿನ ಕೆಲಸ ಕಡಿಮೆ, ಬ್ಯಾಟರಿಗೆ ಮರಳಿ ತುಂಬುವುದೂ ಕಡಿಮೆ; ಹೊರೆಯೆಲ್ಲ ಪೆಟ್ರೋಲ್ ಎಂಜಿನ್ನಿನ ಮೇಲೆ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಒಳದಾರಿಗಳ ಕಥೆ ಬೇರೆ. ನಾಲೆ ಏರಿಯ ತಿರುವು, ಕಬ್ಬಿನ ಟ್ರ್ಯಾಕ್ಟರ್ ಹಿಂದಿನ ನಿಧಾನ ಪಯಣ, ಊರೂರಿಗೂ ರಸ್ತೆಯುಬ್ಬು. ಎತ್ತರದ ತಳಭಾಗ ಇಲ್ಲಿ ಶೋಕಿಯಲ್ಲ, ಅಗತ್ಯ. ಹೈಬ್ರಿಡ್ ಕೂಡ ಇಲ್ಲಿ ತುಸು ಕೆಲಸಕ್ಕೆ ಬರುತ್ತದೆ. ಮೇಲುಕೋಟೆ ಬೆಟ್ಟ ಇಳಿಯುವಾಗ ಪುಕ್ಕಟೆಯಾಗಿ ಬ್ಯಾಟರಿ ತುಂಬುತ್ತದೆ. 2023ರಲ್ಲಿ ಬಂದ ಸಿಎನ್‌ಜಿ ಮಾದರಿ ಮಿತವ್ಯಯದ್ದೇ ಆದರೂ, ಮನೆಯಿಂದ ಸಿಎನ್‌ಜಿ ಬಂಕ್ ಎಷ್ಟು ದೂರ ಎಂಬುದರ ಮೇಲೆ ಅದರ ಉಪಯೋಗ ನಿಂತಿದೆ. ಕೆಎ-11 ಮಂಡ್ಯ, ಕೆಎ-54 ನಾಗಮಂಗಲ ನೋಂದಣಿಯ ಕಾರು ಹೆಚ್ಚಾಗಿ ಇಂಥ ರಸ್ತೆಗಳಲ್ಲೇ ಓಡುವುದಾದರೆ, ಮೇಲಿನ ಲೆಕ್ಕದಲ್ಲಿ ಮೈಲ್ಡ್ ಹೈಬ್ರಿಡ್ ಮಾದರಿಗೇ ತೂಕ ಹೆಚ್ಚು.

ಈ ಸೀಮೆಗೆ ಬಿಡದಿ ಬರೀ ಕಾರಿನ ಊರಲ್ಲ, ಕೆಲಸದ ಊರೂ ಹೌದು. ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಮಕ್ಕಳಿಗಾಗಿ ಕಂಪನಿ 2007ರಲ್ಲಿ ಅಲ್ಲಿ ಮೂರು ವರ್ಷಗಳ ತಾಂತ್ರಿಕ ತರಬೇತಿ ಸಂಸ್ಥೆ ಆರಂಭಿಸಿತು. ಮಳೆ ಕೈಕೊಟ್ಟು ನಾಲೆಗೆ ನೀರು ನಿಂತ ವರ್ಷ, ಕಬ್ಬಿನ ಬಾಕಿ ಬಾರದ ವರ್ಷ, ಪಾಳಿಯ ಸಂಬಳದ ಬೆಲೆ ಏನೆಂಬುದು ಮಂಡ್ಯದ ರೈತ ಕುಟುಂಬಗಳಿಗೆ ಬಿಡಿಸಿ ಹೇಳಬೇಕಿಲ್ಲ.

2023ರ ನವೆಂಬರ್‌ನಲ್ಲಿ ಕಂಪನಿ, ವರ್ಷಕ್ಕೆ 1 ಲಕ್ಷ ಕಾರು ಸಾಮರ್ಥ್ಯದ ಮೂರನೇ ಘಟಕವನ್ನು 3,300 ಕೋಟಿ ರೂ. ವೆಚ್ಚದಲ್ಲಿ ಬಿಡದಿಯಲ್ಲಿ ಕಟ್ಟುವುದಾಗಿ, ಸುಮಾರು 2,000 ಉದ್ಯೋಗ ಸೃಷ್ಟಿಸುವುದಾಗಿ ಪ್ರಕಟಿಸಿತು. ಎಂಟು ತಿಂಗಳ ನಂತರ, 2024ರ ಜುಲೈ 31ರಂದು, ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ 20,000 ಕೋಟಿ ರೂ. ಹೂಡಿಕೆಗೆ ಸಹಿ ಬಿತ್ತು. ಹೂಡಿಕೆಯ ದೊಡ್ಡ ಗಂಟು ಹೊರರಾಜ್ಯಕ್ಕೆ ಹೋಯಿತೆಂಬ ಕೊರಗು ಇಲ್ಲಿ ಎದ್ದದ್ದು ಸಹಜ. ಹೈರೈಡರ್‌ನ ಪೀಳಿಗೆಯ ಮುಂದಿನ ಹೆಜ್ಜೆ, ಎರಡೂ ಕಂಪನಿಗಳು ಹಂಚಿಕೊಂಡ ಪೂರ್ಣ ವಿದ್ಯುತ್ ಎಸ್‌ಯುವಿ, ಬಿಡದಿಯ ಪಾಲಿಗೆ ಬರಲಿಲ್ಲ. ಅದರ ಮಾರುತಿ ಅವತಾರವಾದ ಇ-ವಿಟಾರಾದ ಉತ್ಪಾದನೆ 2025ರ ಆಗಸ್ಟ್ 26ರಂದು ಗುಜರಾತಿನ ಹನ್ಸಲ್‌ಪುರದಲ್ಲಿ ಆರಂಭವಾಯಿತು.